ರಾಗಿಯ ಬಣ್ಣ

ನಾನು ಒಂದು ಸಿರಿಂಜು. ಹೆಸರು ಕೇಳಿದ ಕೂಡಲೇ ತೋಳು ಮುಚ್ಚಿಕೊಳ್ಳಬೇಡಿ, ನನಗೆ ಸೂಜಿ ಇಲ್ಲ. ಬಾಳಿನಲ್ಲಿ ಒಬ್ಬರನ್ನೂ ಚುಚ್ಚಿದವನಲ್ಲ ನಾನು. ಐವತ್ತು ಎಂ.ಎಲ್. ಹಿಡಿಯುವ ದಪ್ಪ ಗಾಜಿನ ಮೈ, ಮುಂದೆ ಒಂದು ಮೊಂಡು ಮೂತಿ, ಒಳಗೆ ಮೇಲೆ ಕೆಳಗೆ ಓಡಾಡುವ ಗಾಜಿನದೇ ಪಿಸ್ಟನ್. ಈಗಿನ ಪ್ಲಾಸ್ಟಿಕ್ ಹುಡುಗರು ನನ್ನನ್ನು ನೋಡಿದರೆ ನಕ್ಕಾರು. ನಗಲಿ ಬಿಡಿ. ಅವರದು ಹೆಚ್ಚೆಂದರೆ ಒಂದು ದಿನದ ಆಯಸ್ಸು. ಕಂಡದ್ದನ್ನು ನೆನಪಿಟ್ಟುಕೊಳ್ಳುವಷ್ಟೂ ಅವರು ಬದುಕುವುದಿಲ್ಲ. ಅದು ಅವರ ಪುಣ್ಯ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಕಾದು ಕೆಂಪಾದ ಗಾಜಿನ ಕೊಳವೆಯನ್ನು ಒಬ್ಬ ಮುದುಕ ಉರಿಯ ಮೇಲೆ ತಿರುಗಿಸಿ ತಿರುಗಿಸಿ ನನಗೆ ಮೂತಿ ಎಳೆದ. ಆಮೇಲೆ ಪಿಸ್ಟನ್ನನ್ನು ನನ್ನೊಳಗೆ ಇಳಿಸಿ, ನಡುವೆ ನುಣ್ಣನೆಯ ಪುಡಿ ಹಾಕಿ, ಒಬ್ಬರಿಗೊಬ್ಬರು ಹೊಂದುವ ತನಕ ಉಜ್ಜಿದರು. ಕೊನೆಗೆ ಇಬ್ಬರ ಮೈಮೇಲೂ ಒಂದೇ ನಂಬರು ಕೊರೆದರು. ಬೇರೆ ಯಾವ ಪಿಸ್ಟನ್ನೂ ನನಗೆ ಹೊಂದದು, ಅವನಿಗೂ ಬೇರೆ ಮನೆ ಇಲ್ಲ. ಹಾಗೆ ಜೋಡಿಯಾದ ನಾವು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ, ರೈಲು ಹತ್ತಿ ಬಸ್ಸು ಹತ್ತಿ, ಮಂಡ್ಯದ ಕಡೆ ಕಬ್ಬಿನ ಗದ್ದೆಗಳ ನಡುವಿನ ಒಂದು ಊರಿನ ಟ್ರಸ್ಟ್ ಆಸ್ಪತ್ರೆಗೆ ಬಂದೆವು.

ಆಸ್ಪತ್ರೆಯಲ್ಲಿ ನನ್ನನ್ನು ಮೊದಲು ಕೈಗೆ ತೆಗೆದುಕೊಂಡವರು ಸಿಸ್ಟರ್ ಗಿರಿಜಾಂಬ. ದಪ್ಪ ಬೆರಳು, ದೊಡ್ಡ ಗಂಟಲು, ಕೆಟ್ಟ ಮನಸ್ಸಲ್ಲ. ನನ್ನನ್ನು ನೀರಿನಲ್ಲಿ ಕುದಿಸಿ ತೆಗೆದು, "ಇದು ಐಸಿಯುಗೆ. ಒಡೆದೀರಿ, ಜೋಕೆ" ಎಂದು ಕಿರಿಯ ನರ್ಸುಗಳನ್ನು ಗದರಿದರು. ಐಸಿಯು ಎಂದರೆ ಆಗ ನಾಲ್ಕು ಮಂಚ, ಎರಡು ಉಸಿರಾಟದ ಯಂತ್ರ, ಬಾಗಿಲಿಗೆ ಹಸಿರು ಪರದೆ. ಬಾಯಿಂದ ಉಣ್ಣಲಾರದವರಿಗೆ ಮೂಗಿನಿಂದ ಹೊಟ್ಟೆಯ ತನಕ ಒಂದು ಟ್ಯೂಬು ಇಳಿಸಿರುತ್ತಾರೆ. ಆ ಟ್ಯೂಬಿಗೆ ನನ್ನ ಮೂತಿ ಸಿಕ್ಕಿಸಿ ಮೊದಲು ಹೊಟ್ಟೆಯಲ್ಲಿರುವುದನ್ನು ಸ್ವಲ್ಪ ಮೇಲೆಳೆಯಬೇಕು. ಅದರ ಬಣ್ಣ ನೋಡಬೇಕು. ಸರಿಯಿದ್ದರೆ ಗಂಜಿ ತಳ್ಳಬೇಕು. ಎಳೆ, ನೋಡು, ತಳ್ಳು. ಇಷ್ಟೇ ನನ್ನ ಕಸುಬು. ಎಳೆಯುವುದೂ ತಳ್ಳುವುದೂ ನನ್ನದು, ನೋಡುವುದು ಮನುಷ್ಯರದು.

ಗಂಜಿಯನ್ನು ರೋಗಿಯ ಮನೆಯವರೇ ತರಬೇಕಿತ್ತು. ಆ ಸೀಮೆಯಲ್ಲಿ ಗಂಜಿ ಎಂದರೆ ರಾಗಿಯದೇ. ಹುರಿದು ಬೀಸಿದ ಹಿಟ್ಟನ್ನು ತೆಳ್ಳಗೆ ಕಾಸಿ, ಬೆಲ್ಲ ಕರಗಿಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿ, ಮುಚ್ಚಳ ಹಿಡಿಕೆ ಇರುವ ತೂಕುಬಟ್ಟಲಿನಲ್ಲಿ ತರುತ್ತಿದ್ದರು. ಅಕ್ಕಿ ಗಂಜಿ ತಂದವರನ್ನು ಉಳಿದವರು ಕನಿಕರದಿಂದ ನೋಡುತ್ತಿದ್ದರು, ಪಾಪ, ಈ ಹೊತ್ತಿನಲ್ಲೂ ಮೈಗೆ ಕಸುವು ಬರುವುದನ್ನು ಕೊಡಲಾರರಲ್ಲ ಎಂದು. ಹೀಗಾಗಿ ದಿನವಿಡೀ ನನ್ನೊಳಗೆ ಹೋದದ್ದೂ ಕಂದು, ಬಂದದ್ದೂ ಕಂದು. ಯಾರೂ ಅದನ್ನು ವಿಶೇಷವೆಂದು ಎಣಿಸಲಿಲ್ಲ.

ಹಾಗಿರುವಾಗ ಮಾಯಿಗಯ್ಯನನ್ನು ಕರೆತಂದರು.

ಅವನು ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನು. ಕೊಪ್ಪರಿಗೆಯ ಅಂಚಿನಲ್ಲಿ ನಿಂತು ನೊರೆ ತೆಗೆಯುವಾಗ ಕಾಲು ಜಾರಿ ಕುದಿಯುವ ಪಾಕಕ್ಕೆ ಸೊಂಟದ ತನಕ ಇಳಿದುಬಿಟ್ಟಿದ್ದ. ನೀರಾದರೆ ಸುಟ್ಟು ಜಾರಿ ಹೋಗುತ್ತದೆ, ಪಾಕ ಅಂಟಿ ಕೂತು ಸುಡುತ್ತದೆ. ಎರಡನೇ ದಿನಕ್ಕೆ ಉಸಿರೂ ಸೋತು ಯಂತ್ರಕ್ಕೆ ಹಾಕಿದರು. ಯಂತ್ರದ ಕೊಳವೆ ಬಾಯಲ್ಲಿದ್ದರೆ ಮಾತು ಹೊರಡದು. ಅವನಲ್ಲಿ ಉಳಿದದ್ದು ಕಣ್ಣು. ನಾನು ಹತ್ತಿರ ಬಂದಾಗಲೆಲ್ಲ ಆ ಕಣ್ಣು ನನ್ನನ್ನೇ ಹಿಂಬಾಲಿಸುತ್ತಿತ್ತು. ಗಂಜಿ ಬಂತೆಂದರೆ ಹೆಂಡತಿ ಬಾಗಿಲಲ್ಲಿದ್ದಾಳೆ ಎಂದು ಅವನಿಗೆ ತಿಳಿಯುತ್ತಿತ್ತು.

ಹೆಂಡತಿ ಹೊಂಬಾಳಮ್ಮ. ಸೊಂಟದ ಮೇಲೆ ಪುಟ್ಟ ಹೆಣ್ಣುಮಗು, ಕೈಯಲ್ಲಿ ತೂಕುಬಟ್ಟಲು. ಎರಡು ಹೊತ್ತೂ ತಪ್ಪದೆ ಬರುತ್ತಿದ್ದಳು. "ಚೆನ್ನಾಗ್ ಸೋಸಿವ್ನಿ ಸಿಸ್ಟ್ರೇ, ಒಂದ್ ಗಂಟಿಲ್ಲ" ಎನ್ನುತ್ತಿದ್ದಳು. ನಿಜ, ಅವಳಷ್ಟು ನುಣುಪಾದ ಗಂಜಿ ಇನ್ನಾರದೂ ಇರುತ್ತಿರಲಿಲ್ಲ. ನನ್ನ ಮೈಯೊಳಗೆ ಜಾರಿದ್ದೇ ತಿಳಿಯದು. ಕೆಲಸ ಮುಗಿದ ಮೇಲೆ ಒಂದು ಲೋಟ ನೀರು ಎಳೆದು ಬಿಟ್ಟರೆ ನಾನು ಹೊಸಬನಂತೆ ತಿಳಿಯಾಗುತ್ತಿದ್ದೆ.

ಡಾಕ್ಟರ್ ನಿಜಗುಣ ಆಗಷ್ಟೇ ಓದು ಮುಗಿಸಿ ಬಂದಿದ್ದವರು. ಸಣಕಲು ಮೈ, ಓಡುನಡಿಗೆ. ಮಾಯಿಗಯ್ಯ ಯಂತ್ರಕ್ಕೆ ಹೋದ ನಾಲ್ಕೈದು ದಿನಕ್ಕೆ, ಒಂದು ಬೆಳಿಗ್ಗೆ ಗಿರಿಜಾಂಬ ನನ್ನನ್ನು ಅವನ ಟ್ಯೂಬಿಗೆ ಸಿಕ್ಕಿಸಿ ಎಳೆದಾಗ ಬಂದದ್ದು ಎಂದಿನ ಕಂದಾಗಿರಲಿಲ್ಲ. ಕಂದಿನೊಳಗೆ ಕಪ್ಪು ಕಣಗಳಿದ್ದವು, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗೆ. ನನ್ನ ಮೈಗೆ ಅವು ತಾಗಿದ್ದೇ ಬೇರೆ. ರಾಗಿ ಜಾರುತ್ತದೆ, ಇವು ಅಂಟಿದವು. ಗಿರಿಜಾಂಬ ಒಂದು ಕ್ಷಣ ತಡೆದು, "ಡಾಕ್ಟ್ರೇ, ಸ್ವಲ್ಪ ನೋಡಿ" ಎಂದರು. ನಿಜಗುಣ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕದ ಮಂಚದವನಿಗೆ ಅದೇ ಹೊತ್ತಿಗೆ ಫಿಟ್ಸ್ ಬರತೊಡಗಿತ್ತು.

"ರಾಗಿ ಗಂಜಿ ಅಲ್ವೇನ್ರೀ. ತಳ್ಳಿ, ಪರವಾಗಿಲ್ಲ" ಎಂದವರೇ ಅತ್ತ ಓಡಿದರು.

ನಾನು ಗಾಜು. ಒಳಗಿರುವುದನ್ನು ಬಚ್ಚಿಡಲು ನನಗೆ ಬಾರದು, ಹಾಗೆಂದು ಬಾಯಿಬಿಟ್ಟು ಹೇಳಲೂ ಬಾರದು. ಗಿರಿಜಾಂಬ ಗಂಜಿ ತಳ್ಳಿ ಮುಗಿಸಿ ನನ್ನನ್ನು ತೊಳೆಯಲು ನಲ್ಲಿಗೆ ಹಿಡಿದರು. ಒಂದು ನೀರಿಗೆ ಹೋಗಲಿಲ್ಲ, ಎರಡಕ್ಕೂ ಹೋಗಲಿಲ್ಲ. ಕೊನೆಗೆ ಬ್ರಷ್ ತೂರಿಸಿ ಉಜ್ಜುತ್ತ, ಪರದೆಯಾಚೆ ಕೂತಿದ್ದ ಹೊಂಬಾಳಮ್ಮನನ್ನು ರೇಗಿದರು: "ಏನ್ ರಾಗಿ ತಂದಿದ್ದೀಯಮ್ಮ ಇವತ್ತು? ಅಂಟ್ಕೊಂಡು ಬಿಡ್ತಾನೇ ಇಲ್ಲ."

ಹೊಂಬಾಳಮ್ಮ ಎದ್ದು ನಿಂತು ಸೆರಗು ಹೊದ್ದುಕೊಂಡಳು. ಬೈಸಿಕೊಂಡ ಮಗುವಿನ ಮುಖವಾಗಿತ್ತು ಅವಳದು. "ದಿನದಂಗೇ ಮಾಡಿವ್ನಿ ಸಿಸ್ಟ್ರೇ" ಎಂದಳು.

ಮಧ್ಯಾಹ್ನ ಟ್ಯೂಬಿನಲ್ಲಿ ತಾನಾಗಿಯೇ ಕೆಂಪು ಏರಿ ಬಂತು. ಆಗ ಯಾರಿಗೂ ಸಂಶಯ ಉಳಿಯಲಿಲ್ಲ. ನಿಜಗುಣ ನನ್ನಿಂದ ಎಳೆದರು, ಚೆಲ್ಲಿದರು, ಎಳೆದರು. ತಣ್ಣೀರು ಬಿಟ್ಟು ತೊಳೆದರು, ಮತ್ತೆ ಎಳೆದರು. ನಾನು ತುಂಬಿದಷ್ಟೂ ಅದು ಬರುತ್ತಲೇ ಇತ್ತು. ಅವರ ಅವಸರಕ್ಕೆ ಪಿಸ್ಟನ್ ನನ್ನ ತಳಕ್ಕೆ ಟಣ್ಣೆಂದು ಬಡಿಯುತ್ತಿತ್ತು. ರಕ್ತದ ಬಾಟಲಿ ಮಂಡ್ಯದಿಂದ ಬರಬೇಕಿತ್ತು. ಅದು ಬರುವ ಹೊತ್ತಿಗೆ ಮಾಯಿಗಯ್ಯನ ಕಣ್ಣು ನನ್ನನ್ನು ಹಿಂಬಾಲಿಸುವುದನ್ನು ಬಿಟ್ಟಿತ್ತು.

ಆಮೇಲೆ ಆಸ್ಪತ್ರೆಯ ಬಾಗಿಲಿಗೆ ಒಂದು ಬೋರ್ಡು ಬಂತು. ನಿಜಗುಣ ತಾವೇ ನಿಂತು ಬರೆಸಿದ್ದು: ರೋಗಿಗಳಿಗೆ ರಾಗಿ ಗಂಜಿ ತರಬಾರದು. ಅಕ್ಕಿ ಗಂಜಿ ಮಾತ್ರ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಬಿಳಿಯ ಗಂಜಿಯಲ್ಲಿ ಒಂದು ಕಪ್ಪು ಕಣ ಬಂದರೂ ಕಾಣುತ್ತದೆ. ಆದರೆ ಆ ಕಾರಣ ಅವರ ತಲೆಯಲ್ಲಿ ಉಳಿಯಿತು, ಬೋರ್ಡಿನಲ್ಲಿ ಬರಲಿಲ್ಲ.

ಆವತ್ತಿನಿಂದ ಆ ಮನುಷ್ಯನನ್ನು ಒಂದು ಪ್ರಶ್ನೆ ಹಿಡಿದುಕೊಂಡಿತು. ನಾಲ್ಕೂ ಮಂಚಗಳ ಕಾಲ ಬಳಿ ನಿಂತು ಒಬ್ಬೊಬ್ಬರ ಮುಖ ನೋಡುವರು. ಇವರಲ್ಲಿ ಯಾರು? ಯಾರ ಹೊಟ್ಟೆ ಒಳಗೊಳಗೇ ಸೋರಲು ಹೊರಟಿದೆ? ಗಿರಿಜಾಂಬ ಒಮ್ಮೆ ಕೇಳಿಯೇ ಬಿಟ್ಟರು, "ಏನ್ ಡಾಕ್ಟ್ರೇ, ಹೆಣ ಕಾಯೋರ ಹಂಗೆ ನಿಂತಿರ್ತೀರಲ್ಲ." ಡಾಕ್ಟರು ನನ್ನನ್ನು ಖಾಲಿ ಇರುವಾಗಲೂ ತೆಗೆದು ಕಿಟಕಿಗೆ ಹಿಡಿಯುವರು. ಏನೂ ಇಲ್ಲದ ಗಾಜಿನಲ್ಲಿ ಅವರಿಗೆ ಕಂದು ಕಾಣುತ್ತಿತ್ತು. ಹಾಗೆಂದು ಬೇರೆಯವರಿಗೆ ಹೇಳಿದರೆ ನಂಬಲಾರರು, ನಾನು ನಂಬುತ್ತೇನೆ, ಏಕೆಂದರೆ ನನಗೂ ಹಾಗೆಯೇ ಆಗುತ್ತಿತ್ತು. ಎಷ್ಟು ಕುದಿಸಿದರೂ ನನ್ನ ಮೂತಿಯ ಒಳಗೆ ಒಂದು ಕಣ ಕೂತೇ ಇದೆ ಅನಿಸುತ್ತಿತ್ತು.

ಹೆದರಿದವರು ಎಲ್ಲರಿಗೂ ಮದ್ದು ಕೊಡುತ್ತಾರೆ. ಹೊಟ್ಟೆಯ ಹುಳಿ ತಗ್ಗಿಸುವ ಬಿಳಿ ಔಷಧಿಯನ್ನು ಅವರು ಐಸಿಯುಗೆ ಬಂದವರಿಗೆಲ್ಲ ನನ್ನಿಂದ ತಳ್ಳಿಸತೊಡಗಿದರು. ಬೇಕಾದವರು ಬೇಡದವರು ಎಂದಿಲ್ಲ. ಅದಕ್ಕೂ ಒಂದು ಬೆಲೆ ಇತ್ತು. ಹುಳಿ ಸತ್ತ ಹೊಟ್ಟೆಯಲ್ಲಿ ರೋಗದ ಕ್ರಿಮಿಗಳು ಬೆಳೆದು, ಮೇಲೇರಿ, ಎದೆಗೆ ಇಳಿಯತೊಡಗಿದವು. ಲಾರಿ ಡ್ರೈವರ್ ಒಬ್ಬ ತಲೆಗೆ ಪೆಟ್ಟಾಗಿ ಬಂದಿದ್ದ. ಒಂದು ದಿನ ಯಂತ್ರದಲ್ಲಿದ್ದು ಹೊರಬರಬೇಕಾದವನು ಎದೆ ಕಟ್ಟಿ ಜ್ವರ ಏರಿ ವಾರಗಟ್ಟಲೆ ನರಳಿದ. ಉಳಿದ, ಅವನ ಆಯಸ್ಸು ಗಟ್ಟಿ. ಅವನ ಹೊಟ್ಟೆಯಿಂದ ಒಂದು ಹನಿ ರಕ್ತವೂ ಎಂದೂ ಬಂದಿರಲಿಲ್ಲ. ಮಾಯಿಗಯ್ಯನಿಗೆ ಕೊಡಬೇಕಿದ್ದ ಔಷಧಿಯನ್ನು ಡಾಕ್ಟರು ಇವನಿಗೆ ಕೊಟ್ಟಿದ್ದರು.

ಅಲ್ಲಿಂದ ಮುಂದೆ ನಿಜಗುಣ ನಿಧಾನವಾಗಿ ಕಲಿತರು. ಮಂಚದ ಮೇಲಿರುವ ಎಲ್ಲರೂ ಸೋರುವುದಿಲ್ಲ. ಎರಡು ದಿನ ಮೀರಿ ಯಂತ್ರದ ಉಸಿರಿನಲ್ಲಿರುವವರು, ರಕ್ತ ಹೆಪ್ಪುಗಟ್ಟುವುದನ್ನೇ ಮರೆತವರು, ಮೈ ಬಹಳ ಸುಟ್ಟವರು, ಬಿ.ಪಿ. ನೆಲ ಕಚ್ಚಿದವರು, ಭಯವಿರುವುದು ಇವರಿಗೆ. ಅವರಿಗೆ ಔಷಧಿ ಕೊಡಿ, ಉಳಿದವರ ಹೊಟ್ಟೆಯನ್ನು ಅದರ ಪಾಡಿಗೆ ಬಿಡಿ ಎಂದು ಕಿರಿಯ ಡಾಕ್ಟರುಗಳಿಗೆ ಹೇಳಿಕೊಟ್ಟರು. ಹಾಗೆ ಆರಿಸಿದ ಮೇಲೂ ಒಮ್ಮೊಮ್ಮೆ ಲೆಕ್ಕ ತಪ್ಪುತ್ತಿತ್ತು. ಆರಿಸಿದವರಲ್ಲೂ ಹೆಚ್ಚಿನವರು ಸೋರುತ್ತಿರಲಿಲ್ಲ, ಎಂದೋ ಒಬ್ಬರು ಸೋರುತ್ತಿದ್ದರು. ಮುಂಚೆಯೇ ಮುಖ ನೋಡಿ ಇವನೇ ಎಂದು ಬೆರಳಿಡಲು ಅವರಿಂದ ಕೊನೆಯ ತನಕ ಆಗಲಿಲ್ಲ. ಅದಕ್ಕೇ ಆ ಮಂಚಗಳ ಬಳಿ ನಿಲ್ಲುವುದೂ ತಪ್ಪಲಿಲ್ಲ.

ಹೊಂಬಾಳಮ್ಮನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದವರು ಅವರೇ. ಮನೆಯ ಗಂಜಿ ನಿಲ್ಲಿಸಿ ಆಸ್ಪತ್ರೆಯಲ್ಲೇ ಬೇಯಿಸುವ ಏರ್ಪಾಡಾಗಿತ್ತು. ಅವಳು ದಿನವೂ ಬೋರ್ಡಿನ ಕೆಳಗೆ ಹಾದು ಬಂದು, ದೊಡ್ಡ ಪಾತ್ರೆಯಲ್ಲಿ ಅಕ್ಕಿ ಗಂಜಿ ಕಾಸಿ, ಎರಡೆರಡು ಸಲ ಸೋಸಿ ಕಳಿಸುವಳು. ಡಾಕ್ಟರು ಎದುರು ಬಂದರೆ ಗೋಡೆಗೆ ಸರಿದು ನಿಲ್ಲುವಳು. ಅವರೂ ತಲೆ ತಗ್ಗಿಸಿ ಹೋಗುವರು. ಎಷ್ಟು ವರ್ಷ ನಡೆಯಿತೋ ಈ ಕಣ್ಣುಮುಚ್ಚಾಲೆ. ಅವಳ ಮಗಳು ಚಂದ್ರಕಲಾ ಅದೇ ಅಡುಗೆಮನೆಯ ಮೂಲೆಯಲ್ಲಿ ಓದಿ ಬರೆದು ದೊಡ್ಡವಳಾಗಿ, ಮದುವೆಯಾಗಿ ಹೋದಳು.

ನನ್ನ ಕಾಲವೂ ಮುಗಿಯಿತು. ಪ್ಲಾಸ್ಟಿಕ್ ಬಂತು. ಗಾಜಿನವರನ್ನೆಲ್ಲ ಒಂದು ಡಬ್ಬಕ್ಕೆ ಸುರಿದು ಗುಜರಿಗೆ ಹಾಕುವಾಗ ನಿಜಗುಣ ಕೈ ಚಾಚಿ ನನ್ನನ್ನು ಎತ್ತಿಕೊಂಡರು. ಅವರ ಮೇಜಿನ ಡ್ರಾಯರಿನಲ್ಲಿ, ರಬ್ಬರು ಸ್ಟಾಂಪುಗಳ ಪಕ್ಕದಲ್ಲಿ ನಾನು ಮಲಗಿದೆ. ಎಂದಾದರೂ ಡ್ರಾಯರು ತೆರೆದು ನನ್ನನ್ನು ಬೆಳಕಿಗೆ ಹಿಡಿಯುವರು, ಮತ್ತೆ ಒಳಗಿಡುವರು. ಕಸುಬಿಲ್ಲದೆ ಕತ್ತಲಲ್ಲಿ ಮಲಗಿದವನಿಗೆ ಹಳೆಯದೆಲ್ಲ ಮೈಮೇಲೆ ಬರುತ್ತದೆ. ನನಗೆ ಮಾಯಿಗಯ್ಯನ ಆ ಕಣ್ಣು ಕಾಣುತ್ತಿತ್ತು.

ಒಂದು ದಿನ ಚಂದ್ರಕಲಾ ತನ್ನ ಕೂಸನ್ನು ಎತ್ತಿಕೊಂಡು ಡಾಕ್ಟರ ಕೋಣೆಗೆ ಬಂದಳು. ಡ್ರಾಯರು ಅರ್ಧ ತೆರೆದಿತ್ತು, ನನಗೆ ಎಲ್ಲ ಕೇಳಿಸಿತು. ಕೂಸು ಬಡಕಲು, ಅಳಲೂ ಕಸುವಿಲ್ಲ.

"ರಾಗಿ ಸರಿ ಶುರು ಮಾಡಿದ್ಯೇನಮ್ಮ?" ಎಂದು ನಿಜಗುಣ ಕೇಳಿದರು. ಆ ಸೀಮೆಯಲ್ಲಿ ಹಾಲು ಬಿಡಿಸುವ ಎಲ್ಲ ಕೂಸುಗಳಿಗೂ ಮೊದಲ ತುತ್ತು ಅದೇ.

"ಇಲ್ಲ ಡಾಕ್ಟ್ರೇ. ಅವ್ವ ಬುಡಲ್ಲ. ಬರೀ ಅಕ್ಕಿ ಗಂಜಿ ತಿಳಿ ಕುಡುಸ್ತಳೆ."

"ಯಾಕೆ?"

"ರಾಗಿ ಕರುಳ್ಗೆ ಅಂಟ್ಕೊಂಡು ಕುಯ್ದಾಕ್ತದೆ ಅಂತಳೆ. ನಮ್ಮಪ್ಪುನ್ನ ತಿಂದಿದ್ದೇ ಅದಂತೆ. ಅವ್ಳು ಕೊಟ್ಟ ಗಂಜಿ. ಅದ್ಕೇ ನೀವು ಬೋರ್ಡ್ ಹಾಕ್ಸಿದ್ದು ಅಂತಳೆ. ನಂಗ್ ಬುದ್ಧಿ ಬಂದಾಗಿಂದ ನಮ್ಮನೇಲಿ ಮುದ್ದೆ ಕಟ್ಟಿಲ್ಲ."

ನಿಜಗುಣರ ಕೂದಲು ಆಗಲೇ ನೆರೆತಿತ್ತು. ತಮ್ಮೊಬ್ಬರನ್ನೇ ಕಾಡುತ್ತಿದೆ ಎಂದುಕೊಂಡಿದ್ದ ಸಾವು ಇನ್ನೊಂದು ಮನೆಯಲ್ಲೂ ಇಷ್ಟು ವರ್ಷ ಒಲೆಯ ಪಕ್ಕ ಕೂತಿತ್ತು ಎಂದು ಅವರಿಗೆ ಆಗ ತಿಳಿಯಿತು. ಡ್ರಾಯರು ಎಳೆದು ನನ್ನನ್ನು ತೆಗೆದುಕೊಂಡು ನೇರ ಅಡುಗೆಮನೆಗೆ ನಡೆದರು.

ಹೊಂಬಾಳಮ್ಮ ಪಾತ್ರೆಯ ಮುಂದೆ ನಿಂತು ಗಂಜಿ ತಿರುವುತ್ತಿದ್ದಳು.

"ಹೊಂಬಾಳಮ್ಮ, ಇದು ಗುರ್ತು ಸಿಕ್ತಾ?"

"ಸಿಗ್ದೆ ಏನ್ ಸ್ವಾಮಿ. ಅವ್ರ ಹೊಟ್ಟೆಗ್ ಗಂಜಿ ಬುಟ್ಟಿದ್ದು."

"ನಿನ್ನ ಗಂಜಿ ಅವರನ್ನ ಕೊಲ್ಲಲಿಲ್ಲಮ್ಮ. ಮೈ ಅಷ್ಟು ಸುಟ್ಟು, ಯಂತ್ರದ ಮೇಲೆ ಮಲಗಿದವರಿಗೆ ಹೊಟ್ಟೆ ಒಳಗೆ ತಾನಾಗೇ ಹುಣ್ಣಾಗುತ್ತೆ. ಅದರಿಂದ ರಕ್ತ ಸೋರಿತ್ತು. ರಾಗಿ ಬಣ್ಣದಲ್ಲಿ ಅದು ಮರೆಯಾಗಿತ್ತು. ನಾನು ನೋಡಿಯೂ ರಾಗಿ ಅಂದೆ. ಅದು ರಾಗಿ ಆಗಿರಲಿಲ್ಲ."

ಅವಳ ಸೌಟು ನಿಂತಿತು. "ಮತ್ತೆ ಆ ಬೋರ್ಡು?"

"ಬಿಳೀ ಗಂಜಿಲಿ ರಕ್ತ ಬಂದ್ರೆ ಕಾಣ್ಲಿ ಅಂತ. ಅಷ್ಟಕ್ಕೇ."

"ಬೋರ್ಡಲ್ಲಿ ಅಂಗಂತ ಬರ್ದಿರ್ಲಿಲ್ವಲ್ಲ ಸ್ವಾಮಿ."

ಗಂಜಿ ತಳ ಹಿಡಿಯತೊಡಗಿತ್ತು. ಅವಳೇ ಒಲೆ ಸಣ್ಣ ಮಾಡಿದಳು.

"ಸಿಸ್ಟ್ರು ಆವತ್ತು ಅಂದ್ರು, ಅಂಟ್ಕೊಂಡು ಬುಡ್ತಾನೇ ಇಲ್ಲ ಅಂತ. ಗಾಜ್ಗೇ ಇಂಗ್ ಅಂಟ್ಕೊಂಡದು ಅವ್ರ ಕರುಳ್ಗೆ ಎಂಗ್ ಅಂಟ್ಕೊಂಡಿದ್ದದು ಅಂತ ನಾನು..." ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಶುರು ಮಾಡಿದಳು. "ಕಣ್ಮುಚ್ಚುದ್ರೆ ಆ ತೂಕುಬಟ್ಲೇ ಕಾಣ್ತಿತ್ತು."

"ಅಂಟಿದ್ದು ರಾಗಿ ಅಲ್ಲ. ಅದು ರಕ್ತ."

"ಎಂಗ್ ನಂಬ್ಲಿ ಸ್ವಾಮಿ? ಆವತ್ತು ರಾಗಿ ಅಂತ ಏಳಿದ್ದೂ ನೀವೇ. ಈವತ್ತು ಅಲ್ಲ ಅಂತ ಏಳ್ತಾ ಇರದೂ ನೀವೇ."

ಆ ಕ್ಷಣ ನನಗೊಂದು ಬಾಯಿ ಇರಬೇಕಿತ್ತು. ಅಲ್ಲಿದ್ದವರಲ್ಲಿ ಅದನ್ನು ಮುಟ್ಟಿ ತಿಳಿದವನು ನಾನೊಬ್ಬನೇ. ಹೊಂಬಾಳಮ್ಮ ಕೈ ಚಾಚಿ, "ಅದ್ನ ನಂಗ್ ಕೊಡಿ" ಎಂದಳು. ಡಾಕ್ಟರು ಎರಡೂ ಕೈಯಲ್ಲಿ ಹಿಡಿದು ನನ್ನನ್ನು ಕೊಟ್ಟರು.

ಅವಳು ನನ್ನನ್ನು ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ದಳು. ಮನೆಯಲ್ಲಿ ರಾಗಿ ಹಿಟ್ಟಿರಲಿಲ್ಲ. ಪಕ್ಕದ ಮನೆಯಿಂದ ಒಂದು ಹಿಡಿ ಈಸಿಕೊಂಡಳು. ಕೊಟ್ಟವಳು ಬೆರಗಾಗಿ ಬಾಗಿಲಲ್ಲೇ ನಿಂತಳು. ಹೊಂಬಾಳಮ್ಮ ಹಿಟ್ಟು ಕಲಸಿ, ತೆಳ್ಳಗೆ ಕಾಸಿ, ಬೆಲ್ಲ ಹಾಕಿ, ಬಟ್ಟೆಯಲ್ಲಿ ಸೋಸಿದಳು. ಇಷ್ಟು ವರ್ಷವಾದರೂ ಕೈ ಅಳತೆ ಮರೆತಿರಲಿಲ್ಲ. ಆರಿದ ಮೇಲೆ ಹಟ್ಟಿಯಂಗಳದ ಬೆಳಕಿಗೆ ಬಂದು ಜಗಲಿಯ ಮೇಲೆ ಕೂತು ನನ್ನನ್ನು ಅದರಲ್ಲಿ ಅದ್ದಿ ಪಿಸ್ಟನ್ ಎಳೆದಳು. ಹಳೆಯ ಜೋಡಿ ನಾವು, ಸರಾಗವಾಗಿ ಎಳೆದುಕೊಂಡೆವು. ಅದೇ ನುಣುಪು, ಅದೇ ಬೆಲ್ಲದ ವಾಸನೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಚಂದ್ರಕಲಾ, "ಏನವ್ವ ಮಾಡ್ತಿದ್ದೀ?" ಎಂದಳು. ಅವ್ವ ನನ್ನನ್ನು ಹಾಗೆಯೇ ಬಹಳ ಹೊತ್ತು ಹಿಡಿದಿದ್ದಳು, ಅಂಟುವುದಿದ್ದರೆ ಅಂಟಲಿ ಎಂದು ಕಾಯುವವಳ ಹಾಗೆ.

ಆಮೇಲೆ ಎಲ್ಲವನ್ನೂ ತಳ್ಳಿ ಚೆಲ್ಲಿದಳು. ಒಂದು ಲೋಟ ತಣ್ಣೀರು ತಂದಳು. ಎಳೆದಳು, ಬಿಟ್ಟಳು.

ನಾನು ತಿಳಿಯಾದೆ.

ಒಂದೇ ನೀರಿಗೆ ತಿಳಿಯಾದೆ. ಅವಳು ನನ್ನನ್ನು ಆಕಾಶಕ್ಕೆ ಹಿಡಿದು ತಿರುಗಿಸಿದಳು. ಪಿಸ್ಟನ್ ಕಳಚಿ ಕಿರುಬೆರಳನ್ನು ನನ್ನೊಳಗೆ ತೂರಿಸಿ ಸುತ್ತಲೂ ಸವರಿದಳು. ಬೆರಳಿಗೆ ಏನೂ ಹತ್ತಲಿಲ್ಲ.

"ನೋಡುದ್ರಾ," ಎಂದಳು. ಮಗಳಿಗೆ ಹೇಳಿದ್ದಲ್ಲ, ಮಗಳಿಗೆ ಅವಳು ಬಹುವಚನ ಹಾಕುವುದಿಲ್ಲ. "ಏನೂ ಅಂಟಿಲ್ಲ ನೋಡಿ. ನಾನ್ ಚೆನ್ನಾಗೇ ಸೋಸಿದ್ದೆ."

ಆಮೇಲೆ ಅವಳು ಅತ್ತಳು. ಗಂಡ ಸತ್ತ ದಿನ ತಪ್ಪು ಮಾಡಿದವಳಂತೆ ಮೂಲೆ ಹಿಡಿದು ಕೂತಿದ್ದವಳು ಈಗ ಗಂಡನನ್ನು ಕಳೆದುಕೊಂಡ ಹೆಂಗಸಿನಂತೆ ಬಾಯಿಬಿಟ್ಟು ಅತ್ತಳು. ಅತ್ತು ಮುಗಿಸಿ ಒಳಗೆ ಹೋಗಿ, ಉಳಿದ ಹಿಟ್ಟಿನಲ್ಲಿ ಗಟ್ಟಿಯಾಗಿ ಸರಿ ಕಾಸಿ ತಂದು ಮೊಮ್ಮಗುವಿನ ಬಾಯಿಗೆ ಇಟ್ಟಳು. ಕೂಸು ಮೊದಲು ಮುಖ ಕಿವುಚಿತು, ಆಮೇಲೆ ಬಾಯಿ ಚಪ್ಪರಿಸಿತು. ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಹೊಂಬಾಳಮ್ಮ ಬೆರಳಿನಲ್ಲಿ ಬಳಿದು ತಾನೇ ನೆಕ್ಕಿದಳು.

ಈಗ ನಾನು ಅವಳ ಅಡುಗೆಮನೆಯ ಗೂಡಿನಲ್ಲಿದ್ದೇನೆ, ಉಪ್ಪಿನ ಭರಣಿಯ ಪಕ್ಕದಲ್ಲಿ. ಸಂಜೆ ಮುದ್ದೆ ತಿರುವುವ ಹಬೆ ನನ್ನ ಮೈಯನ್ನು ಮಬ್ಬಾಗಿಸುತ್ತದೆ. ಡಾಕ್ಟರ್ ನಿಜಗುಣ ಕೆಲಸ ಬಿಡುವ ಮೊದಲು ಬೋರ್ಡಿಗೆ ಇನ್ನೊಂದು ಸಾಲು ಬರೆಸಿದರೆಂದು ಚಂದ್ರಕಲಾ ಹೇಳುವುದನ್ನು ಕೇಳಿದೆ. ರಾಗಿ ಕೆಟ್ಟದ್ದಲ್ಲ, ಬಣ್ಣ ಕಾಣಲೆಂದು ಈ ನಿಯಮ ಎಂದು ಬರೆದಿದೆಯಂತೆ. ಅವರು ಈಗಲೂ ಬೆಳಕಿಗೆ ಕೈ ಎತ್ತಿ ಏನನ್ನೋ ನೋಡುತ್ತಾರೋ ಏನೋ, ನನಗೆ ತಿಳಿಯದು.

ಹೊಂಬಾಳಮ್ಮ ವಾರಕ್ಕೊಮ್ಮೆ ನನ್ನನ್ನು ತೊಳೆದು ಒರೆಸುತ್ತಾಳೆ. ಅವಳ ಕಣ್ಣಿಗೆ ನಾನು ತಿಳಿಯಾಗಿಯೇ ಇದ್ದೇನೆ. ಮೂತಿಯೊಳಗಿನ ಆ ಒಂದು ಕಣ ಮಾತ್ರ ನನಗೆ ಇಂದಿಗೂ ತಾಗುತ್ತದೆ. ಅಂಟಿದ್ದು ತನ್ನ ರಾಗಿಯಲ್ಲ ಎಂದು ಅವಳಿಗೆ ಗೊತ್ತಾಯಿತಲ್ಲ, ಇನ್ನು ಆ ಕಣ ನನ್ನಲ್ಲೇ ಇರಲಿ.